ಹಿಡಿದದ್ದನ್ನು ಬಿಡುವ ಅಣು

ಜಮಖಂಡಿಯ ಕೃಷ್ಣೆಯ ದಂಡೆ, ಮುಧೋಳದ ಘಟಪ್ರಭೆಯ ದಂಡೆ ಕಡೆ ಬೇಸಿಗೆಯಲ್ಲಿ ಹೋದರೆ ಸವಳು ಬಿದ್ದ ಕರಿಮಣ್ಣಿನ ಮೇಲೆ ಬಿಳಿ ಉಪ್ಪು ಕಾಣುತ್ತದೆ. ಅಂಥ ಹೊಲದ ಕಬ್ಬಿನ ಬೇರು ಸೋಡಿಯಂ ಹೊರಗಿಟ್ಟು ಪೊಟ್ಯಾಸಿಯಂ ಒಳಗೆಳೆದುಕೊಳ್ಳಬೇಕು. ಎರಡಕ್ಕೂ ಒಂದೇ ಧನವಿದ್ಯುತ್ತು, ಗಾತ್ರ ಮಾತ್ರ ಬೇರೆ. ಜೀವಕೋಶದ ಪೊರೆಯ ನಡುವೆ ಸುಮಾರು 3 ನ್ಯಾನೋಮೀಟರ್ ದಪ್ಪದ ಎಣ್ಣೆಯಂಥ ಪದರವಿದೆ, ನೀರು ಹೊದ್ದ ಅಯಾನು (ವಿದ್ಯುತ್ತು ಹೊತ್ತ ಕಣ) ಅದರಲ್ಲಿ ಇಳಿಯುವುದಿಲ್ಲ. ಬೇರು ಇದಕ್ಕೆ ಪ್ರೋಟೀನಿನ ದಾರಿ ಮಾಡಿಕೊಂಡಿದೆ. ಅದೇ ಕೆಲಸಕ್ಕೆ ಪುಟ್ಟ ಅಣು ಕಟ್ಟುವ ರಸಾಯನಜ್ಞರೂ ಇದ್ದಾರೆ.

ಅವರಿಗೆಲ್ಲ ಗುರು ವ್ಯಾಲಿನೊಮೈಸಿನ್. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿ ಮಾಡುವ 36 ಪರಮಾಣುಗಳ ಉಂಗುರ ಅದು. ಒಳಗೆ ಆರು ಆಮ್ಲಜನಕಗಳು ಪೊಟ್ಯಾಸಿಯಂ ಸುತ್ತ ಕೂಡುತ್ತವೆ, ಹೊರಮೈ ಪೂರಾ ಎಣ್ಣೆಗೆ ಒಗ್ಗುವಂಥದ್ದು. ಒಳಹೋಗುವ ಮುನ್ನ ಅಯಾನು ತನ್ನ ನೀರನ್ನು ಕಳಚಬೇಕು. ಪೊಟ್ಯಾಸಿಯಂಗೆ ಆ ನಷ್ಟ ಆರು ಆಮ್ಲಜನಕಗಳಿಂದ ತುಂಬಿ ಬರುತ್ತದೆ. ಚಿಕ್ಕ ಸೋಡಿಯಂ ಅವನ್ನೆಲ್ಲ ಒಟ್ಟಿಗೆ ಮುಟ್ಟಲಾರದು. ಹೀಗಾಗಿ ಸೋಡಿಯಂಗಿಂತ ಸುಮಾರು 10,000 ಪಟ್ಟು ಒಲವು ಪೊಟ್ಯಾಸಿಯಂ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಆರ್.ಕೆ. ಈಶ್ವರನ್ ಅವರ ಗುಂಪು 1980ರ ದಶಕದಲ್ಲಿ ಇಂಥ ಅಣುಗಳು ಲೋಹದ ಅಯಾನು ಹಿಡಿದಾಗ ಯಾವ ಆಕಾರ ತಾಳುತ್ತವೆಂದು ಬಿಡಿಸಿ ನೋಡಿತು.

ಕೈಯಲ್ಲಿ ಕಟ್ಟಿದ ಉಂಗುರಗಳ ಕಥೆ ಶುರುವಾದದ್ದು ಡುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ ಅವರಿಂದ. 1967ರಲ್ಲಿ ಕ್ರೌನ್ ಈಥರ್ ಎಂಬ ಇಂಥ ಉಂಗುರಗಳನ್ನು ವರದಿ ಮಾಡಿದ ಅವರಿಗೆ ಪಿಎಚ್.ಡಿ. ಇರಲಿಲ್ಲ, 1987ರಲ್ಲಿ ಲೇನ್, ಕ್ರಾಮ್ ಜೊತೆ ನೊಬೆಲ್ ಬಂತು. ಲೇನ್ ಉಂಗುರವನ್ನು ಮೂರು ಆಯಾಮದ ಪಂಜರವಾಗಿಸಿದರು, ಪೊಟ್ಯಾಸಿಯಂ ಅದರಲ್ಲಿ ಭದ್ರವಾಗಿ ಕೂತಿತು. ಆದರೆ ಭದ್ರವಾದದ್ದೇ ತೊಂದರೆ. 1975ರಲ್ಲಿ ಅವರು ಸಹೋದ್ಯೋಗಿ ಕಿರ್ಷ್ ಜೊತೆ ಸಾಗಣೆ ಅಳೆದಾಗ ತೀರಾ ಬಿಗಿಯಾಗಿ ಹಿಡಿದ ಪಂಜರ ಆಚೆ ದಡದಲ್ಲಿ ಸರಕು ಇಳಿಸದೆ ಹಿಂದೆಬಿತ್ತು. ಸಡಿಲು ಹಿಡಿತದ್ದೂ ಹಿಂದೆ. ಮಧ್ಯಮ ಹಿಡಿತದ್ದು ಮುಂದೆ. ರಬಕವಿ-ಬನಹಟ್ಟಿಯ ಮಗ್ಗದ ಲಾಳಿ ಹೋಗುತ್ತ ನೂಲು ಬಿಡದಿದ್ದರೆ ಸೀರೆ ಏಳುವುದುಂಟೆ? ನನ್ನ ಕಣ್ಣಲ್ಲಿ ಈ ಕ್ಷೇತ್ರದ ಅತಿ ಸೊಗಸಾದ ಪ್ರಯೋಗ ಇದೇ. ಹಿಡಿತದ ಅಂಕಿಯನ್ನಷ್ಟೇ ಮೆರೆಸುವ ಪ್ರಬಂಧ ಕಂಡರೆ ನನಗೆ ಅರ್ಧ ಆಸಕ್ತಿ ಹೋಗುತ್ತದೆ.

ಈಗ ಗಮನ ಕ್ಲೋರೈಡ್ ಕಡೆ ಹೊರಳಿದೆ. ನಮ್ಮಿಂದ ಬಹಳ ದೂರವಿಲ್ಲದ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಪಿನಾಕಿ ತಾಲೂಕ್ದಾರ್ ಅವರ ಗುಂಪು ಕ್ಲೋರೈಡ್ ದಾಟಿಸುವ ಅಣುಗಳನ್ನು ಕಟ್ಟುತ್ತಿದೆ. ಹೀಗೆ ಕ್ಲೋರೈಡ್ ದಾಟಿ ಕೋಶದ ಉಪ್ಪಿನ ಸಮತೋಲ ಕೆಟ್ಟರೆ ಕ್ಯಾನ್ಸರ್ ಕೋಶ ತಾನಾಗಿ ಸಾಯಬಹುದು. ಆದರೆ ಆರೋಗ್ಯವಂತ ಕೋಶದ ಪೊರೆಯೂ ಅದೇ ಎಣ್ಣೆಯದು, ಅಣು ಅಲ್ಲಿಗೂ ನುಗ್ಗಿದರೆ ಗತಿ? ಅದಕ್ಕೆ ಅಣುವಿಗೊಂದು ಮುಸುಕು ಹಾಕುತ್ತಾರೆ, ಅದು ಕಳಚುವವರೆಗೆ ಅಣು ಕೆಲಸ ಮಾಡದು. 2019ರ ಪ್ರಬಂಧದಲ್ಲಿ ಬೆಳಕು ಬಿದ್ದರೆ ಮುಸುಕು ಕಳಚುತ್ತಿತ್ತು. 2020ರದ್ದರಲ್ಲಿ ಹಲವು ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿರುವ ಗ್ಲುಟಾಥಯಾನ್ ಎಂಬ ಅಣು ಅದನ್ನು ಕಳಚುತ್ತದೆ. ನೋಡಲು ಬೆಳಕಿನ ಉಪಾಯವೇ ಚೆಂದ. ಆದರೆ ಬೆಳಕು ದೇಹದೊಳಗೆ ಆಳಕ್ಕಿಳಿಯದು. ಪಣ ಕಟ್ಟು ಅಂದರೆ ನಾನು ಎರಡನೆಯದಕ್ಕೇ ಕಟ್ಟುತ್ತೇನೆ.