ಸ್ಕಾಟ್-ಫ್ರೀ: ‘ಸ್ವಂತ ವಾಕ್ಯ’ದಲ್ಲಿ ಒಂದು ಇಂಗ್ಲಿಷ್ ನುಡಿಗಟ್ಟು

‘ಗೆಟ್ ಆಫ್ ಸ್ಕಾಟ್-ಫ್ರೀ’ ಎಂಬುದು ತಪ್ಪು ಮಾಡಿದವರು ದಂಡನೆಯಿಲ್ಲದೆ ಪಾರಾದುದನ್ನು ಹೇಳುವ ಇಂಗ್ಲಿಷ್ ನುಡಿಗಟ್ಟು. ಶಾಲಾ ವ್ಯಾಕರಣಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲೂ ಇದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಸಾಲಿನ ಅರ್ಥ, ಕೆಳಗೆ ‘ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ’ ಎಂಬ ಸೂಚನೆ. ಕನ್ನಡ ಪಠ್ಯಗಳ ನುಡಿಗಟ್ಟುಗಳಿಗೂ ಇದೇ ಅಭ್ಯಾಸ ಉಂಟು. ಆದರೆ ಈ ಕ್ರಮದಲ್ಲಿ ಕಲಿತವರು ನುಡಿಗಟ್ಟಿನ ಅರ್ಧ ಅರ್ಥವನ್ನಷ್ಟೇ ಪಡೆಯುತ್ತಾರೆ. ಹೆಚ್ಚು ಮುಖ್ಯವಾದ ಅರ್ಧ ಕೈತಪ್ಪಿ ಹೋಗುತ್ತದೆ.

‘ಸ್ಕಾಟ್’ ಎಂದರೆ ಹಿಂದಿನ ಇಂಗ್ಲಿಷಿನಲ್ಲಿ ಸಲ್ಲಿಸಬೇಕಾದ ಪಾಲು, ತೆರಿಗೆ. ಅದಕ್ಕೆ ಸ್ಕ್ಯಾಂಡಿನೇವಿಯಾದ ಭಾಷೆಗಳ ನಂಟಿದೆ. ಕೆಂಟ್ ಪ್ರಾಂತ್ಯದ ರಾಮ್ನಿ ಮಾರ್ಷ್ ಎಂಬ ಜೌಗು ಬಯಲಿನಲ್ಲಿ ಕಡಲಗೋಡೆ, ಕಾಲುವೆಗಳ ನಿರ್ವಹಣೆಗಾಗಿ ಎತ್ತುತ್ತಿದ್ದ ವಂತಿಗೆಗೂ ಇದೇ ಹೆಸರಿತ್ತು. ಇಂಗ್ಲೆಂಡಿನ ಕೆಲವು ಪಟ್ಟಣಗಳಲ್ಲಿ ‘ಸ್ಕಾಟ್ ಅಂಡ್ ಲಾಟ್’ ಎಂಬ ಸ್ಥಳೀಯ ತೆರಿಗೆ ಕೊಟ್ಟವರಿಗೆ ಮಾತ್ರ ಮತದಾನದ ಹಕ್ಕಿತ್ತು. 1832ರ ಸುಧಾರಣಾ ಕಾಯ್ದೆಗೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಂಥ ಕ್ಷೇತ್ರಗಳಲ್ಲಿ ಪ್ರಸಿದ್ಧವಾದುದು. ತೆರಿಗೆಯಿಂದ ವಿನಾಯಿತಿ ಪಡೆದವನು ‘ಸ್ಕಾಟ್-ಫ್ರೀ’. ಹದಿನಾರನೆಯ ಶತಮಾನದ ಹೊತ್ತಿಗೆ ಈ ಅರ್ಥ ದಂಡನೆಗೂ ಹಾನಿಗೂ ಹರಡಿಕೊಂಡಿತು. ಷೇಕ್ಸ್‌ಪಿಯರ್‌ನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಫಾಲ್‌ಸ್ಟಾಫ್ ರಣರಂಗದಲ್ಲಿ ನಿಂತು, ಹೆಂಡದಂಗಡಿಯ ಬಾಕಿಗೂ ಬಂದೂಕಿನ ಗುಂಡಿಗೂ ಸಲ್ಲುವ ‘ಶಾಟ್’ ಎಂಬ ಸೋದರ ಪದದ ಮೇಲೆ ಶ್ಲೇಷೆ ಕಟ್ಟುತ್ತಾನೆ. ಕೊಡಬೇಕಾದುದನ್ನು ಕೊಡದೆ ಜಾರಿಕೊಳ್ಳುವವನ ಚಿತ್ರ ಆ ಮಾತಿನಲ್ಲಿ ಸ್ಪಷ್ಟವಾಗಿದೆ.

ಕರ್ನಾಟಕದ ಶಾಸನಗಳಲ್ಲಿ ತೆರಿಗೆಯಿಲ್ಲದ ದತ್ತಿಭೂಮಿಯನ್ನು ‘ಸರ್ವಮಾನ್ಯ’ ಎಂದು ಕರೆದಿರುವುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ವಿನಾಯಿತಿ ಒಂದು ಗೌರವ. ಇಂಗ್ಲಿಷ್ ನುಡಿಗಟ್ಟಿನಲ್ಲಿ ಅದು ಕೊನೆಗೆ ದೂರಾಗಿ ಪರಿಣಮಿಸಿತು.

ಹುಟ್ಟಿನ ಬಗ್ಗೆ ಎರಡು ತಪ್ಪು ಕಥೆಗಳು ಬಳಕೆಯಲ್ಲಿವೆ. ಸ್ಕಾಟ್ಲೆಂಡಿನವರ ಜಿಪುಣತನಕ್ಕೆ ಇದನ್ನು ಗಂಟುಹಾಕುವುದು ಒಂದು. ಅಮೆರಿಕದಲ್ಲಿ ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಗುಲಾಮ ಡ್ರೆಡ್ ಸ್ಕಾಟ್‌ನ ಹೆಸರಿನಿಂದ ಬಂತೆನ್ನುವುದು ಇನ್ನೊಂದು. ಸ್ವಾತಂತ್ರ್ಯದ ಮಾತೆಂಬ ಕಾರಣಕ್ಕೆ ಈ ಎರಡನೆಯ ಕಥೆ ಬೇಗ ನಂಬಿಕೆ ಹುಟ್ಟಿಸುತ್ತದೆ. ಆದರೆ ಆ ತೀರ್ಪು ಬಂದದ್ದು 1857ರಲ್ಲಿ; ನುಡಿಗಟ್ಟು ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಸುಪ್ರೀಂ ಕೋರ್ಟಿನಲ್ಲಿ ಡ್ರೆಡ್ ಸ್ಕಾಟ್ ಗೆಲ್ಲಲೂ ಇಲ್ಲ. ತಪ್ಪೇ ಮಾಡದ, ನ್ಯಾಯ ಸಿಗದ ಮನುಷ್ಯನನ್ನು ತಪ್ಪಿಸಿಕೊಂಡ ಅಪರಾಧಿಯ ಸಾಲಿಗೆ ಸೇರಿಸುವುದು ಅವನಿಗೆ ಮಾಡುವ ಅನ್ಯಾಯವೂ ಹೌದು.

ವಾಕ್ಯದಲ್ಲಿ ಇದರ ನಡೆ ಕಟ್ಟುನಿಟ್ಟಾದುದು. ಗೆಟ್ ಆಫ್, ಗೆಟ್ ಅವೇ, ಗೋ, ಎಸ್ಕೇಪ್ ಮುಂತಾದ ಕೆಲವೇ ಕ್ರಿಯಾಪದಗಳ ಹಿಂದೆ ಇದು ಬರುತ್ತದೆ. ಬೇರೊಬ್ಬರು ಬಿಟ್ಟುಕೊಟ್ಟರೆ ‘ಲೆಟ್ ಆಫ್’. ನಾಮಪದದ ಮುಂದೆ ವಿಶೇಷಣವಾಗಿ ನಿಲ್ಲುವುದು ಇದರ ಸ್ವಭಾವವಲ್ಲ. ಹೀಗಾಗಬಾರದು, ಹೀಗೆ ಬಿಡಲಾಗದು ಎಂಬ ನಿಷೇಧದ ವಾಕ್ಯಗಳು ಇದಕ್ಕೆ ಬಹಳ ಒಗ್ಗುತ್ತವೆ. ಭಾರತದ ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯಗಳಲ್ಲಿ, ನ್ಯಾಯಾಲಯದ ತೀರ್ಪುಗಳಲ್ಲಿ ಕೂಡ ಇದು ಆಗಾಗ ಕಾಣುವುದು ಅದೇ ಧ್ವನಿಯಲ್ಲಿ.

ಈ ಧ್ವನಿಯೇ ನುಡಿಗಟ್ಟಿನ ಜೀವ. ಒಬ್ಬನು ‘ಸ್ಕಾಟ್-ಫ್ರೀ’ ಆಗಿ ಹೋದ ಎಂದವರು ಮೂರು ಸಂಗತಿಗಳನ್ನು ಒಟ್ಟಿಗೆ ಹೇಳಿರುತ್ತಾರೆ: ಅವನು ತಪ್ಪಿತಸ್ಥ, ಅವನಿಗೆ ದಂಡನೆ ಸಲ್ಲಬೇಕಿತ್ತು, ಅದು ಸಲ್ಲದೆ ಹೋದದ್ದು ನ್ಯಾಯವಲ್ಲ. ಮೊದಲ ಸಂಗತಿ ಯಾರೂ ಬಾಯಿಬಿಟ್ಟು ಹೇಳದೆಯೇ ವಾಕ್ಯದೊಳಗೆ ಕುಳಿತಿರುತ್ತದೆ. ಸಾಕ್ಷ್ಯವಿಲ್ಲದೆ ಖುಲಾಸೆಯಾದ ಆರೋಪಿಯ ಬಗ್ಗೆ ವರದಿಗಾರ ಹೀಗೆ ಬರೆದರೆ, ನ್ಯಾಯಾಲಯ ಹೇಳದ ಅಪರಾಧವನ್ನು ತಾನೇ ಹೊರಿಸಿದಂತೆ. ‘ಅಕ್ವಿಟೆಡ್’ ಎಂಬ ಪದದಲ್ಲಿ ಈ ಆರೋಪವಿಲ್ಲ. ಹೊಣೆಯಿಂದ ಬಿಡುಗಡೆಯಾದುದನ್ನು ಹೇಳುವ ‘ಆಫ್ ದ ಹುಕ್’ ಕೂಡ ತಪ್ಪಿತಸ್ಥನನ್ನೇ ಬೇಡುವುದಿಲ್ಲ. ಹಕ್ಕಿಯಂಥ ಸ್ವಚ್ಛಂದತೆಯನ್ನು ಸಾರುವ ‘ಫ್ರೀ ಆಸ್ ಎ ಬರ್ಡ್’ನಲ್ಲಿ ಸಂತೋಷವಿದೆ, ‘ಸ್ಕಾಟ್-ಫ್ರೀ’ಯಲ್ಲಿ ಇರುವುದು ನೋಡುವವರ ಅಸಮಾಧಾನ.

ಕೈಪಿಡಿಯ ಒಂದು ಸಾಲಿನ ಅರ್ಥ ಇದನ್ನು ಮುಟ್ಟಿಸುವುದಿಲ್ಲ. ಅಲ್ಲಿ ‘ಪಾರಾಗು’ ಎಂದಷ್ಟೇ ಇದ್ದರೆ, ಪಂಜರದಿಂದ ಹಾರಿದ ಗಿಳಿಯನ್ನೂ ಪರೀಕ್ಷೆ ಮುಗಿಸಿ ಹಗುರಾದ ವಿದ್ಯಾರ್ಥಿಯನ್ನೂ ಆ ವಾಕ್ಯದಲ್ಲಿ ಕೂರಿಸಲು ಅಡ್ಡಿಯಿಲ್ಲ. ಬಸ್ ಅಪಘಾತದಲ್ಲಿ ಗಾಯವಾಗದೆ ಉಳಿದವರ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಹಾನಿಯಿಲ್ಲದೆ ಎಂಬ ಹಳೆಯ ಅರ್ಥವನ್ನು ನಿಘಂಟುಗಳು ದಾಖಲಿಸುತ್ತವೆ. ಆದರೂ ಇಂದಿನ ಓದುಗನಿಗೆ ಆ ಪ್ರಯಾಣಿಕರೇ ಅಪಘಾತಕ್ಕೆ ಕಾರಣರೋ ಎಂಬ ಅನುಮಾನ ಬಂದೀತು. ಕನ್ನಡದ ‘ಪಾರಾಗು’ ಗುಣದೋಷ ನೋಡದ ಪದ. ‘ನುಣುಚಿಕೊಳ್ಳು’, ‘ದಕ್ಕಿಸಿಕೊಳ್ಳು’ ಎಂಬವು ಇಂಗ್ಲಿಷ್ ನುಡಿಗಟ್ಟಿಗೆ ಹೆಚ್ಚು ಹತ್ತಿರ, ಏಕೆಂದರೆ ಅವುಗಳಲ್ಲೂ ಆಡುವವರ ಆಕ್ಷೇಪ ಬೆರೆತಿದೆ. ಕೈಪಿಡಿ ಬರೆಯುವವರು ಇಷ್ಟು ಎಚ್ಚರ ವಹಿಸಿದರೂ ಅನೇಕ ತಪ್ಪುಗಳು ತಪ್ಪುತ್ತವೆ.

ನಿಘಂಟುಕಾರರು ಈ ಕೊರತೆಯನ್ನು ಎಂದೋ ಗುರುತಿಸಿದ್ದರು. 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು ಪದದ ಅರ್ಥದೊಡನೆ ವಾಕ್ಯದಲ್ಲಿ ಅದರ ನಡೆಯನ್ನೂ ಕಲಿಯುವವರಿಗೆ ತೋರಿಸಿತು. ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ನಿಜಬಳಕೆಯ ವಾಕ್ಯಗಳನ್ನೇ ಉದಾಹರಿಸಿತು, ಅರ್ಥವನ್ನೂ ಪೂರ್ಣ ವಾಕ್ಯವಾಗಿ ಬಿಡಿಸಿ ಹೇಳಿತು. ಅಂಥ ವಿವರಣೆಯಲ್ಲಿ ಯಾರು, ಏನು ಮಾಡಿ, ಯಾವುದರಿಂದ ತಪ್ಪಿಸಿಕೊಂಡರು ಎಂಬುದಕ್ಕೆ ಜಾಗವಿದೆ. ರೋಸಮಂಡ್ ಮೂನ್ 1998ರ ತಮ್ಮ ಅಧ್ಯಯನದಲ್ಲಿ, ನುಡಿಗಟ್ಟುಗಳು ಬಹುಪಾಲು ಆಡುವವರ ಮೌಲ್ಯನಿರ್ಣಯವನ್ನು ಹೊರುತ್ತವೆಂಬುದನ್ನು ಬಳಕೆಯ ಆಧಾರದಿಂದ ವಿವರಿಸಿದರು. ಪರೀಕ್ಷೆಯ ಕೈಪಿಡಿಗಳಿಗೆ ಈ ಬೆಳಕು ಇನ್ನೂ ಸಾಕಷ್ಟು ತಲುಪಿಲ್ಲ.

‘ಸ್ವಂತ ವಾಕ್ಯ’ದ ಅಭ್ಯಾಸವನ್ನು ಕೈಬಿಡಬೇಕಿಲ್ಲ. ಒಂದರ ಬದಲು ಎರಡು ವಾಕ್ಯ ಕೇಳಿದರೆ ಅದು ಬಹಳ ಸುಧಾರಿಸುತ್ತದೆ: ಮೊದಲನೆಯದರಲ್ಲಿ ತಪ್ಪೂ ಅದಕ್ಕೆ ಸಲ್ಲಬೇಕಾದ ದಂಡನೆಯೂ, ಎರಡನೆಯದರಲ್ಲಿ ನುಡಿಗಟ್ಟು. ಅದಕ್ಕೂ ಮುಂಚೆ ಸಂದರ್ಭಗಳನ್ನು ಕೊಟ್ಟು ಆರಿಸಲು ಹೇಳುವುದು ಇನ್ನೂ ಒಳ್ಳೆಯದು. ನಿರಪರಾಧಿಯೆಂದು ರುಜುವಾತಾಗಿ ಮನೆಗೆ ಮರಳಿದವನು, ಹೊಳೆಗೆ ವಿಷ ಬಿಟ್ಟೂ ದಂಡ ಕಟ್ಟದ ಕಾರ್ಖಾನೆ, ಬೋನಿನಿಂದ ತಪ್ಪಿಸಿಕೊಂಡ ಚಿರತೆ: ಈ ಮೂರರಲ್ಲಿ ನುಡಿಗಟ್ಟು ಸಲ್ಲುವುದು ಕಾರ್ಖಾನೆಗೆ ಮಾತ್ರ. ಉಳಿದೆರಡಕ್ಕೆ ಏಕೆ ಸಲ್ಲದು ಎಂದು ವಿದ್ಯಾರ್ಥಿ ತನ್ನ ಮಾತಿನಲ್ಲಿ ಬರೆದ ಕಾರಣಕ್ಕೂ ಅಂಕವಿರಬೇಕು. ಇದಕ್ಕೆ ಮೌಲ್ಯಮಾಪಕರ ಸಮಯ ಹೆಚ್ಚು ಬೇಕು ನಿಜ. ಸಾರ್ವಜನಿಕ ಪರೀಕ್ಷೆಯಲ್ಲಿ ಕಷ್ಟವಾದರೂ ತರಗತಿಯ ಪಾಠದಲ್ಲಿ ಇದನ್ನು ಇಂದೇ ಮಾಡಬಹುದು.