ಕವಿಯ ಮರಣವೂ ಕಾದಂಬರಿಕಾರನ ಧರ್ಮವೂ

ಚರಿತ್ರೆಯು ಮೌನವಾಗಿರುವ ಎಡೆಯಲ್ಲಿ ಕಾದಂಬರಿಕಾರನು ಮಾತನಾಡತೊಡಗುತ್ತಾನೆ. ಇದು ಅವನ ಹಕ್ಕು, ಯಾರೂ ಅಲ್ಲಗಳೆಯಲಾರರು. ಆದರೆ ಆ ಮೌನವು ಹೆಸರಾಂತ ಲೇಖಕನೊಬ್ಬನ ಸಾವಿಗೆ ಸಂಬಂಧಿಸಿದ್ದಾದರೆ, ಹಕ್ಕಿನೊಡನೆ ಒಂದು ಋಣವೂ ಬಂದು ಸೇರುತ್ತದೆ. ಸತ್ತವನು ಎದ್ದು ಬಂದು ತನ್ನ ಪರವಾಗಿ ಸಾಕ್ಷಿ ನುಡಿಯಲಾರನಷ್ಟೆ. ಅಮೆರಿಕದ ಶ್ರೀ ಮ್ಯಾಥ್ಯೂ ಪರ್ಲ್ ಅವರು ಎಡ್ಗರ್ ಆಲನ್ ಪೋ ಕವಿಯ ಮರಣವನ್ನು ಕುರಿತು ಬರೆದು ೨೦೦೬ರಲ್ಲಿ ಪ್ರಕಟಿಸಿದ 'ದಿ ಪೋ ಶ್ಯಾಡೋ' ಎಂಬ ಕಾದಂಬರಿಯು ಈ ಋಣದ ವಿಚಾರವನ್ನು ನಮ್ಮ ಮುಂದೆ ಸ್ಪಷ್ಟವಾಗಿ ತಂದಿಡುತ್ತದೆ.

ಮೊದಲು ನಡೆದ ಸಂಗತಿಯನ್ನು ನೋಡೋಣ. ೧೮೪೯ನೆಯ ಸೆಪ್ಟೆಂಬರ್ ೨೭ರಂದು ಪೋ ರಿಚ್ಮಂಡ್ ನಗರವನ್ನು ಬಿಟ್ಟು ಹೊರಟನು. ಅಲ್ಲಿಂದ ಮುಂದಿನ ಆರು ದಿನಗಳ ಮೇಲೆ ಕತ್ತಲೆ ಕವಿದಿದೆ. ಅಕ್ಟೋಬರ್ ೩ರಂದು, ಬಾಲ್ಟಿಮೋರಿನಲ್ಲಿ ಮತದಾನ ನಡೆಯುತ್ತಿದ್ದ ಒಂದು ಪಾನಗೃಹದಲ್ಲಿ, ತನ್ನವಲ್ಲವೆಂದು ತೋರುವ ಕೊಳಕು ಬಟ್ಟೆಗಳನ್ನು ತೊಟ್ಟು, ಮಾತಿನ ಮೇಲೆ ಹಿಡಿತವಿಲ್ಲದ ಸ್ಥಿತಿಯಲ್ಲಿ ಅವನು ಕಾಣಿಸಿಕೊಂಡನು. ಆಸ್ಪತ್ರೆಯಲ್ಲಿ ನಾಲ್ಕು ದಿನ ನರಳಿ, ೭ನೆಯ ತಾರೀಖು ಭಾನುವಾರ ಬೆಳಗಿನ ಜಾವದಲ್ಲಿ ತೀರಿಕೊಂಡನು. ಆಗ ಅವನಿಗೆ ನಲವತ್ತು ವರ್ಷ. ಮರಣಪತ್ರವೊಂದೂ ಉಳಿದುಬಂದಿಲ್ಲ. ಕುಡಿತವೇ ಕಾರಣವೆಂದು ಕೆಲವರು ಹೇಳಿದರು. ಚುನಾವಣೆಯ ಪುಂಡರು ಅವನನ್ನು ಕೂಡಿಹಾಕಿ, ಕುಡಿಸಿ, ಉಡುಪು ಬದಲಾಯಿಸಿ, ಮತ್ತೆ ಮತ್ತೆ ಮತ ಹಾಕಿಸಿದರೆಂದು ಬೇರೆ ಕೆಲವರು ಊಹಿಸಿದರು. ೧೯೯೬ರಲ್ಲಿ ಒಬ್ಬ ವೈದ್ಯರು ಹುಚ್ಚುನಾಯಿಯ ರೋಗವಿದ್ದಿರಬಹುದೆಂದು ಸೂಚಿಸಿದರು. ಯಾವುದಕ್ಕೂ ಕಡೆಯ ಪ್ರಮಾಣವಿಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬುದು ನಮ್ಮ ಗಾದೆ. ಈ ಪ್ರಸಂಗದಲ್ಲಿ ಕಣ್ಣಾರೆ ಕಂಡವರ ಮಾತನ್ನೇ ಪರಾಂಬರಿಸಬೇಕಾಗಿದೆ. ಪೋವನ್ನು ಗುರುತಿಸಿದ ವಾಕರ್ ಎಂಬ ಮುದ್ರಣಾಲಯದ ನೌಕರನು ಡಾಕ್ಟರ್ ಸ್ನಾಡ್‌ಗ್ರಾಸನಿಗೆ ಒಂದು ಚೀಟಿ ಕಳುಹಿಸಿದನು. ಆ ಮನುಷ್ಯನ ಸ್ಥಿತಿ ಚೆನ್ನಾಗಿಲ್ಲ, ಬಹಳ ಸಂಕಟದಲ್ಲಿದ್ದಾನೆ, ಬೇಗ ನೆರವು ಬೇಕು ಎಂಬುದಷ್ಟೇ ಅದರ ಸಾರಾಂಶ. ಸ್ನಾಡ್‌ಗ್ರಾಸನು ಪಾನನಿರೋಧದ ಪ್ರಚಾರಕ. ವರ್ಷಗಳು ಕಳೆದ ಮೇಲೆ ಅವನು ಈ ಕಥೆಯನ್ನು ಹೇಳುವಾಗ, ಪೋ ಮೃಗದಂತೆ ಕುಡಿದು ಬಿದ್ದಿದ್ದನೆಂದು ಆ ಚೀಟಿಯಲ್ಲಿಯೇ ಇತ್ತೆಂದನು. ಮೂಲಚೀಟಿ ಉಳಿದಿದೆ, ಅದರಲ್ಲಿ ಆ ಮಾತಿಲ್ಲ. ಚಿಕಿತ್ಸೆ ಮಾಡಿದ ಡಾಕ್ಟರ್ ಮೊರಾನನು ಇದಕ್ಕೆ ಪ್ರತಿಯಾಗಿ, ವೃದ್ಧಾಪ್ಯ ಸಮೀಪಿಸಿದಂತೆಲ್ಲ ರೋಗಿಯ ಕೊನೆಯ ಮಾತುಗಳನ್ನು ಉದಾತ್ತಗೊಳಿಸುತ್ತ ಹೋಗಿ, ೧೮೮೫ರ ತನ್ನ ಪುಸ್ತಕದಲ್ಲಿ ಮದ್ಯದ ಸೋಂಕೇ ಇರಲಿಲ್ಲವೆಂದು ಸಾಧಿಸಿದನು. ಗ್ರಿಸ್ವೋಲ್ಡನಂತೂ ಕವಿಯು ಸತ್ತ ಎರಡನೆಯ ದಿನವೇ ಸುಳ್ಳು ಹೆಸರಿನಲ್ಲಿ ನಿಂದೆಯ ಲೇಖನವನ್ನು ಅಚ್ಚುಹಾಕಿಸಿ, ಮುಂದೆ ಅವನ ಕಾಗದಗಳನ್ನೂ ತಿದ್ದಿ ಕೆಡಿಸಿದನು. ಒಬ್ಬನಿಗೆ ನೀತಿಪಾಠ ಬೇಕಾಗಿತ್ತು. ಒಬ್ಬನಿಗೆ ಪುಣ್ಯಮರಣ ಬೇಕಾಗಿತ್ತು. ಒಬ್ಬನಿಗೆ ಹಳೆಯ ಹಗೆ ತೀರಬೇಕಾಗಿತ್ತು. ಮೂವರಿಗೂ ಬೇಕಾದ ಸಾವೇ ದೊರೆಯಿತು.

ಶ್ರೀ ಪರ್ಲ್ ಅವರ ಕಥಾನಾಯಕನಾದ ಕ್ವೆಂಟಿನ್ ಕ್ಲಾರ್ಕ್ ಬಾಲ್ಟಿಮೋರಿನ ತರುಣ ವಕೀಲ, ಪೋವಿನ ಭಕ್ತ. ಕವಿಯ ಹೆಸರಿಗೆ ಹತ್ತಿದ ಕಳಂಕವನ್ನು ತೊಡೆಯಲು ಅವನು ತನ್ನ ವೃತ್ತಿಯನ್ನೂ ನೆಮ್ಮದಿಯನ್ನೂ ಪಣಕ್ಕೊಡ್ಡಿ ಪ್ಯಾರಿಸಿಗೆ ಹೋಗುತ್ತಾನೆ. ಪೋ ಸೃಷ್ಟಿಸಿದ ದ್ಯೂಪಾಂ ಎಂಬ ಪತ್ತೇದಾರನಿಗೆ ಮಾದರಿಯಾದ ನಿಜವಾದ ಮನುಷ್ಯನನ್ನು ಹುಡುಕಿ ತರುವುದು ಅವನ ಹಂಬಲ. ಅಲ್ಲಿ ಅವನಿಗೆ ಎದುರಾಗುವವರು ಇಬ್ಬರು: ಮೌನಿಯಾದ ದ್ಯುಪಾಂತ್, ಮಾತುಗಾರನಾದ ಬ್ಯಾರನ್ ದ್ಯೂಪಾಂ. ಈ ಜೋಡಣೆಯಲ್ಲಿಯೇ ಗ್ರಂಥದ ಮುಖ್ಯವಾದ ಗುಣವಿದೆಯೆಂದು ನನಗೆ ತೋರುತ್ತದೆ. ಒಬ್ಬನು ಕುರುಹುಗಳನ್ನು ತೂಗಿ ನೋಡುವವನು. ಇನ್ನೊಬ್ಬನು ಸಭೆಯು ಮೆಚ್ಚುವ ಕಥೆಯನ್ನು ಕಟ್ಟುವವನು. ಐತಿಹಾಸಿಕ ಕಾದಂಬರಿಯನ್ನು ಬರೆಯುವವನ ಒಳಗೆ ಇವರಿಬ್ಬರೂ ವಾಸಿಸುತ್ತಾರಲ್ಲವೆ? ಇನ್ನೂ ಒಂದು ಮಾತು. ಕ್ವೆಂಟಿನ್ನನ ಭಕ್ತಿಯೂ ಸ್ನಾಡ್‌ಗ್ರಾಸನ ದ್ವೇಷದಂತೆಯೇ ಒಂದು ಪಕ್ಷಪಾತ. ನಿರ್ದೋಷಿಯಾದ ಪೋ ಅವನಿಗೆ ಬೇಕು; ಆದುದರಿಂದ ಅಂಥ ಪೋವನ್ನೇ ಅವನು ಅರಸುತ್ತಾನೆ. ಇದನ್ನು ಓದುವಾಗ ಕವಿಗಳನ್ನು ಪ್ರೀತಿಸುವ ನಾವೂ ತುಸು ಮುಜುಗರಪಡುತ್ತೇವೆ. ಆ ಮುಜುಗರ ನಮಗೆ ಒಳ್ಳೆಯದು.

ದೋಷಗಳನ್ನೂ ಹೇಳಬೇಕು. ಕಥೆಯ ಮಧ್ಯಭಾಗದಲ್ಲಿ ಬೆನ್ನಟ್ಟುವಿಕೆ, ಒಳಸಂಚು, ಫ್ರಾನ್ಸಿನ ರಾಜಕಾರಣ ಎಲ್ಲವೂ ಒಟ್ಟಾಗಿ ನುಗ್ಗಿ, ಆಸ್ಪತ್ರೆಯ ಹಾಸಿಗೆಯ ಮೇಲೆ ನರಳುವ ಆ ಒಬ್ಬ ಮನುಷ್ಯನು ನಮ್ಮ ಕಣ್ಣಿಗೆ ಮರೆಯಾಗುತ್ತಾನೆ. ನಾಯಕನೇ ಕಥೆ ಹೇಳುವುದರಿಂದ ಆ ಕಾಲದ ಶೈಲಿಯನ್ನು ಅನುಸರಿಸಿದ ಭಾಷೆಯು ಕೆಲವು ಕಡೆ ಭಾರವಾಗಿದೆ. ಆದರೂ ಗ್ರಂಥದ ಕೊನೆಯಲ್ಲಿ ಚರಿತ್ರೆಯನ್ನು ಕುರಿತ ಟಿಪ್ಪಣಿಯನ್ನು ಸೇರಿಸಿ, ವಾಸ್ತವದ ಆಧಾರಗಳಾವುವು, ಕಲ್ಪನೆ ಯಾವುದು ಎಂಬುದನ್ನು ಓದುಗರಿಗೆ ತಿಳಿಸಿರುವುದು ಪ್ರಾಮಾಣಿಕವಾದ ನಡತೆ. ರಹಸ್ಯದ ಕೊನೆಯ ಗಂಟನ್ನು ಇಲ್ಲಿ ಬಿಚ್ಚುವುದು ವಾಚಕರಿಗೆ ಅನ್ಯಾಯ. ಅದನ್ನು ಅವರಿಗೇ ಬಿಡುತ್ತೇನೆ.

ಇಂಥ ಕೃತಿಗಳನ್ನು ಅಳೆಯುವುದಕ್ಕೆ ಪೋವೇ ಒಂದು ಅಳತೆಗೋಲನ್ನು ಬಿಟ್ಟುಹೋಗಿದ್ದಾನೆ. ೧೮೪೧ರಲ್ಲಿ ಮೇರಿ ರಾಜರ್ಸ್ ಎಂಬ ತರುಣಿಯ ಶವವು ನ್ಯೂಯಾರ್ಕಿನ ಬಳಿ ಹಡ್ಸನ್ ನದಿಯಲ್ಲಿ ಸಿಕ್ಕಿತು. ಪೋ ಆ ಘಟನೆಯನ್ನು ಪ್ಯಾರಿಸಿಗೆ ಸಾಗಿಸಿ, ಹೆಸರುಗಳನ್ನು ಬದಲಿಸಿ, ಕೇವಲ ವೃತ್ತಪತ್ರಿಕೆಗಳ ವರದಿಯಿಂದಲೇ ದ್ಯೂಪಾಂ ಸತ್ಯವನ್ನು ತೆಗೆಯುವಂತೆ ಕಥೆ ಹೆಣೆದನು. ಕಥೆಯು ಕಂತುಗಳಲ್ಲಿ ಅಚ್ಚಾಗುತ್ತಿರುವಾಗಲೇ ಆ ಸಾವಿನ ಬಗೆಗೆ ಬೇರೊಂದು ವಾರ್ತೆ ಹೊರಬಿದ್ದಿತು. ೧೮೪೫ರಲ್ಲಿ ಅದನ್ನು ಮರುಮುದ್ರಿಸುವಾಗ ಪೋ ಆ ವಾರ್ತೆಗೂ ಎಡೆಯಿರುವಂತೆ ವಾಕ್ಯಗಳನ್ನು ಅಲ್ಲಲ್ಲಿ ತಿದ್ದಬೇಕಾಯಿತು. ಪತ್ತೇದಾರಿ ಕಥೆಯ ಜನಕನ ತರ್ಕವೇ ಒಂದು ನಿಜವಾದ ಸಾವಿನ ಮುಂದೆ ಹೀಗೆ ತಲೆಬಾಗಿತು. ಕಲ್ಪನೆಯು ಸಾಕ್ಷಿಗಳನ್ನು ಸವಾಲು ಕೇಳಬಹುದು. ತಾನೇ ಸಾಕ್ಷಿಯ ಕಟ್ಟೆಯನ್ನು ಹತ್ತಬಾರದು.

ಅಕ್ಟೋಬರ್ ೮ರಂದು ಪೋವನ್ನು ಮಣ್ಣುಮಾಡಿದಾಗ ಅಲ್ಲಿ ಬಂದು ನಿಂತವರು ಬೆರಳೆಣಿಕೆಯಷ್ಟು ಮಂದಿ. ಇಂದು ಈ ಕಾದಂಬರಿಯ ಮೂಲಕ ಅವನ ಗೋರಿಯ ಬಳಿಗೆ ಅನೇಕರು ಹೋಗುತ್ತಾರೆ. ಅವರು ಅಲ್ಲಿಂದ ಅವನ ಕವಿತೆ ಕಥೆಗಳ ಕಡೆಗೆ ತಿರುಗಿದರೆ ಶ್ರೀ ಪರ್ಲ್ ಅವರ ಶ್ರಮ ಸಾರ್ಥಕವಾಯಿತೆಂದೇ ತಿಳಿಯಬೇಕು.