ತಲೆ ಎಣಿಸದ ಅಧ್ಯಕ್ಷರು

ಇಂಟರ್‌ನೆಟ್ಟಿನ ತಾಂತ್ರಿಕ ಮಾನಕಗಳನ್ನು ರೂಪಿಸುವ ಐಇಟಿಎಫ್ 1986ರಲ್ಲಿ ಶುರುವಾಯಿತು. ಅಲ್ಲಿ ಸದಸ್ಯತ್ವವೇ ಇಲ್ಲ. ಯಾರು ಬೇಕಾದರೂ ಬಂದು ಸೇರಬಹುದು. ಹಾಗಾಗಿ ವೋಟು ಹಾಕಿಸಿ ಗೆದ್ದವರ ಮಾತು ನಡೆಸುವಂತಿಲ್ಲ, ಒಮ್ಮತದಿಂದಲೇ ತೀರ್ಮಾನವಾಗಬೇಕು. ಮಾನಕಗಳನ್ನು ಬರೆಯುವ ಕಾರ್ಯತಂಡದ ಅಧ್ಯಕ್ಷರಿಗೆ ಸಂಸ್ಥೆಯಿಂದ ಸಂಬಳವಿಲ್ಲ, ತಂಡದಲ್ಲಿರುವವರು ಅವರ ಕೈಕೆಳಗಿನ ನೌಕರರೂ ಅಲ್ಲ. ಇಂಥವರು ಸಭೆಯನ್ನು ತೀರ್ಮಾನಕ್ಕೆ ಒಯ್ಯುವುದು ಹೇಗೆ? ಪೀಟ್ ರೆಸ್ನಿಕ್ 2014ರಲ್ಲಿ ಬರೆದ ‘ಆರ್‌ಎಫ್‌ಸಿ 7282’ ಎಂಬ ಐಇಟಿಎಫ್ ದಾಖಲೆ ಈ ಪ್ರಶ್ನೆಗೆ ನಾನು ಓದಿದ ಅತ್ಯುತ್ತಮ ಉತ್ತರ.

ಐಇಟಿಎಫ್ ಸಭೆಗಳಲ್ಲಿ ಕೈ ಎತ್ತುವ ಬದಲು ಹೂಂಗುಟ್ಟುವ ರೂಢಿಯಿದೆ. ರೆಸ್ನಿಕ್ ಅದನ್ನು ಚರ್ಚೆಯ ಆರಂಭ ಎನ್ನುತ್ತಾರೆ, ಮುಕ್ತಾಯ ಎನ್ನುವುದಿಲ್ಲ. ಸದ್ದು ಯಾವ ಕಡೆ ಜೋರಾಗಿತ್ತು ಎಂಬುದಕ್ಕಿಂತ, ಬೇಡವೆಂದವರ ಕಾರಣವೇನು ಎಂಬುದು ಮುಖ್ಯ. ನೂರು ಜನ ಒಪ್ಪಿ ಐದೇ ಜನ ವಿರೋಧಿಸಿದರೂ, ಆ ಐವರು ತೋರಿದ ತಾಂತ್ರಿಕ ದೋಷಕ್ಕೆ ಉತ್ತರ ಸಿಗದಿದ್ದರೆ ಒಮ್ಮತವಾಗಿಲ್ಲ. ಐವರು ಒಪ್ಪಿ ನೂರು ಜನ ಕಾರಣವಿಲ್ಲದೆ ಬೇಡವೆಂದರೆ ಒಮ್ಮತ ಆಗಿರಲೂಬಹುದು. ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಆದರೆ ತೂಗಿ ನೋಡಿ ಉತ್ತರಿಸಲೇಬೇಕು. ಒಂದೇ ಕಂಪನಿ ಇಪ್ಪತ್ತು ಜನರನ್ನು ಕಳಿಸಿ ಸಭೆಯನ್ನು ತನ್ನ ಕಡೆ ವಾಲಿಸುವ ದಾರಿ ಇದರಿಂದ ಮುಚ್ಚುತ್ತದೆ. ನಮ್ಮ ಯಾವ ಸಂಘದ ಸಭೆಯಲ್ಲಿ ಇಷ್ಟು ಶಿಸ್ತಿದೆ!

ಆದರೆ ಈ ಬರಹ ಅಧ್ಯಕ್ಷರ ಮೇಲೆ ಭಾರ ಹೊರಿಸಿ ಸುಮ್ಮನಾಗುತ್ತದೆ. ಯಾವುದು ಉತ್ತರ ಸಿಕ್ಕಿದ ಆಕ್ಷೇಪ, ಯಾವುದು ಬರೀ ಹಟ ಎಂದು ಅಳೆಯುವವರು ಅವರೇ. ವಿಷಯ ಬಲ್ಲ ಎಂಜಿನಿಯರಿಗೆ ಈ ವಿವೇಕ ತಾನಾಗಿ ಬಂದುಬಿಡುವುದಿಲ್ಲ. ಅಧ್ಯಕ್ಷರ ಸಮಯಕ್ಕೆ ಹಣ ಕೊಡುವುದು ಬಹಳ ಸಲ ಅವರದೇ ಕಂಪನಿ; ಆ ಒತ್ತಡದ ಬಗ್ಗೆ ಇನ್ನಷ್ಟು ಬಿಚ್ಚಿ ಮಾತಾಡಬೇಕಿತ್ತು. ಸಭೆಯಲ್ಲಿ ಬಾಯಿಬಿಡದವರ ವಿಷಯವೂ ಅಷ್ಟೆ. ಇಂಗ್ಲಿಷ್ ಸರಾಗವಾಗಿ ಬಾರದವರ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ತೀರಾ ಸುಲಭ. 2020ರಲ್ಲಿ ಸಭೆಗಳೆಲ್ಲ ಆನ್‌ಲೈನಿಗೆ ಹೋದಾಗ ಹೂಂಗುಟ್ಟುವ ರೂಢಿಯೂ ಕೈಕೊಟ್ಟಿತು.

ಕಾರ್ಯತಂಡಗಳ ನಿಯಮ ಹೇಳುವ 1998ರ ‘ಆರ್‌ಎಫ್‌ಸಿ 2418’ರಲ್ಲಿ ಅಧ್ಯಕ್ಷರಿಗೆ ಕೆಲಸಗಳ ಉದ್ದ ಪಟ್ಟಿಯೇ ಇದೆ, ನಿಗದಿತ ಅವಧಿ ಮಾತ್ರ ಇಲ್ಲ. ಅವರ ಮೇಲಿರುವ ಕ್ಷೇತ್ರ ನಿರ್ದೇಶಕರಿಗೆ ಸಾಮಾನ್ಯವಾಗಿ ಎರಡು ವರ್ಷದ ಅವಧಿ. ಅಧ್ಯಕ್ಷರಿಗೂ ಅವಧಿ ಬೇಕು. ಎಷ್ಟೋ ತಂಡಗಳಲ್ಲಿ ಈಗಾಗಲೇ ಇಬ್ಬರು ಅಧ್ಯಕ್ಷರಿದ್ದಾರೆ. ಅವರಲ್ಲೊಬ್ಬರು ಹೊಸಬರಾಗಿ ಕಲಿಯುತ್ತಿರಲಿ. ತೀರ್ಮಾನ ಪ್ರಕಟಿಸುವ ಮುನ್ನ ಅಧ್ಯಕ್ಷರು ಪ್ರತಿ ಆಕ್ಷೇಪವನ್ನೂ ಅದಕ್ಕೆ ಸಿಕ್ಕ ಉತ್ತರವನ್ನೂ ಬರೆದು ಎಲ್ಲರ ಮುಂದಿಡಲಿ. ಇಷ್ಟನ್ನು ಕಡ್ಡಾಯ ಮಾಡದಿದ್ದರೆ, ರೆಸ್ನಿಕ್ ಅವರ ಇಷ್ಟು ಒಳ್ಳೆಯ ಬರಹವೂ ಒಳ್ಳೆಯ ಅಧ್ಯಕ್ಷರು ಸಿಕ್ಕ ಕಡೆ ಮಾತ್ರ ಉಪಯೋಗಕ್ಕೆ ಬರುತ್ತದೆ.